ಏರಿನ್ಯಾಗಷ್ಟೇ ಮಿಸ್ಸಿಂಗ್ ಹೊಡಿತದ, ಗ್ಯಾರೇಜಿಗಿ ಒಯ್ದ್ರ ಹೊಡಿಯಂಗಿಲ್ಲ: 2004ರ ಎಸ್ಟೀಮ್

ಗುಲ್ಬರ್ಗಾ_ಎಸ್ಟೀಮ್
ಸೋಮವಾರ, ರಾತ್ರಿ 9:40

ಶರಣು ಎಲ್ಲರಿಗೂ. ಸ್ವಲ್ಪ ಉದ್ದ ಬರಿಲಕತ್ತೀನಿ, ಯಾಕಂದ್ರ ಅರ್ಧ ಹೇಳಿ ಬಿಟ್ರ ಎಲ್ಲರೂ ಪ್ಲಗ್ (ಎಂಜಿನ್ನಿನ್ಯಾಗ ಕಿಡಿ ಹೊಡಿಯೋದು) ಬದಲಿಸು ಅಂತಾರ, ಪ್ಲಗ್ ಬದಲಿಸಿ ಆಗ್ಯಾದ.

ಗಾಡಿ 2004ರ ಮಾರುತಿ ಎಸ್ಟೀಮ್ ಕಾರು, ಪೆಟ್ರೋಲ್, 1298 ಸಿಸಿ, 16 ವಾಲ್ವ್, ಕೆಎ 32. ಆರ್‌ಸಿ ಬುಕ್ಕಿನ್ಯಾಗ ಇನ್ನಾ ಗುಲ್ಬರ್ಗಾ ಅಂತೇ ಅದ. ಅಪ್ಪ ಹೊಸಾದು ತಗೊಂಡಿದ್ದು, 1 ಲಕ್ಷ 38 ಸಾವಿರ ಕಿಲೋಮೀಟರ್ ಓಡ್ಯಾದ, ಗ್ಯಾಸ್ ಕಿಟ್ ಯಾವತ್ತೂ ಹಾಕ್ಸಿಲ್ಲ. ಎರಡು ತಿಂಗಳಾತು ಮಿಸ್ಸಿಂಗ್ ಹೊಡಿಲಕತ್ತದ (ಎಂಜಿನ್ ನಡನಡುವ ತಾಳ ತಪ್ಪಿ ಕುಂಟ್ತದ), ದಿನಾ ಹೊಡದಿದ್ರ ಹುಡುಕಬಹುದಿತ್ತು, ಇದು ಮನಸ್ಸು ಬಂದಾಗ ಹೊಡಿತದ, ಅದೇ ತಲಿನೋವು. ಊರೊಳಗ ಜಗತ್ ಸರ್ಕಲ್, ಸೂಪರ್ ಮಾರ್ಕೆಟ್, ಗಂಜ್ ಅಂತ ದಿನಪೂರ್ತಿ ತಿರುಗಿದ್ರೂ ಏನೂ ಗೊತ್ತಾಗಂಗಿಲ್ಲ. ಹುಮನಾಬಾದ್ ರೋಡ್ ಹಿಡಿದು ಕಮಲಾಪುರದ ಕಡಿ ಏರು ಶುರು ಆತು ಅಂದ್ರ 4ನೇ ಗೇರಿನ್ಯಾಗ ಎಕ್ಸಲರೇಟರ್ ಒತ್ತಿದ ಕೂಡ್ಲೇ ಧಡ್ ಧಡ್ ಅಂತ ಝಟ್ಕಾ, ಯಾರೋ ಹಿಂದಿಂದ ಹಗ್ಗ ಕಟ್ಟಿ ಜಗ್ಗಿದಂಗ. ಕಾಲು ಸಡಲ ಬಿಟ್ರ ಸುಮ್ನಾಗ್ತದ, ಮತ್ತ ಒತ್ತಿದ್ರ ಮತ್ತ ಶುರು. ಮಳಿ ಬಿದ್ದ ಮರುದಿನ ಮುಂಜಾನಿ ಚಾಲೂ ಮಾಡಿದ್ರ ನಿಂತಲ್ಲೇ 2-3 ನಿಮಿಷ ನಡುಗ್ತದ, ಕಾದ ಮ್ಯಾಲ ಹೋಗ್ತದ.

ಇಲ್ಲಿ ತನಕ ಮಾಡ್ಸಿದ್ದು: ನಾಕೂ ಪ್ಲಗ್ ಹೊಸಾವು, ಪೆಟ್ರೋಲ್ ಫಿಲ್ಟರ್, ಏರ್ ಫಿಲ್ಟರ್, ಥ್ರಾಟಲ್ ಬಾಡಿ ಸಾಫ್, ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸೋ ನಳಿಗಿ) ಸಾಫ್. ಹೆಚ್ಚುಕಮ್ಮಿ 8 ಸಾವಿರ ಹೋತು. ತಿಳಿಲಾರದ್ದು ಏನಂದ್ರ ಹೊಸ ಪ್ಲಗ್ ಹಾಕಿದ ಮ್ಯಾಲ 10-12 ದಿನ ಗಾಡಿ ಬೆಣ್ಣಿ ಹಂಗ ಓಡ್ತು, ಬೀದರಕ್ಕ ಹೋಗಿ ಬಂದಿವಿ ಒಂದು ಝಟ್ಕಾ ಇಲ್ಲ, ಆಮ್ಯಾಲ ಮತ್ತ ಅದೇ ಹಾಡು. ಗ್ಯಾರೇಜಿಗಿ ಒಯ್ದಾಗ ಮಿಸ್ತ್ರಿ ನಿಂತಲ್ಲೇ ರೇಸ್ ಕೊಟ್ಟು ನೋಡ್ತಾರ, ಎಲ್ಲಾ ಬರೋಬರಿ ಅದ ಅಂತಾರ. ಮೊನ್ನಿ ಅಂತೂ "ಈ ಗಾಡಿಗಿ ಇನ್ನ ರೊಕ್ಕ ಹಾಕಬ್ಯಾಡ್ರಿ, ಗುಜರಿಗಿ ಕೊಟ್ಟುಬಿಡ್ರಿ" ಅಂದ್ರು. ಅಪ್ಪ ಬಾಜೂಕೇ ನಿಂತಿದ್ರು, ಏನೂ ಮಾತಾಡ್ಲಿಲ್ಲ, ಮನಿಗಿ ಬಂದು ಗಾಡಿ ಮ್ಯಾಲಿನ ಧೂಳು ಒರಿಸಿ ಕವರ್ ಹಾಕಿ ಒಳಗ ಹೋದ್ರು. ಅಕ್ಕನ ಮದಿವಿ ಇದೇ ಗಾಡಿಯಾಗ ಆಗ್ಯಾದ, ಗಾಣಗಾಪುರಕ್ಕ ಎಷ್ಟು ಸಲ ಹೋಗೀವಿ ಲೆಕ್ಕ ಇಲ್ಲ. ಕೊಡಂಗಿಲ್ಲ ಅಂತ ನಾ ತೀರ್ಮಾನ ಮಾಡೀನಿ. ಎಲ್ಲಿಂದ ಹುಡುಕಬೇಕು ಅಷ್ಟು ಹೇಳ್ರಿ.


ಬ್ರಹ್ಮಪುರ_ಹುಡುಗ
ಸೋಮವಾರ, ರಾತ್ರಿ 10:15

ಪೆಟ್ರೋಲ್ ಪ್ರಾಬ್ಲಮ್ ಇರ್ತದ ಅಣ್ಣ. ಈಗ ಎಲ್ಲಾ ಬಂಕಿನ್ಯಾಗ ಇ20 (20% ಇಥನಾಲ್ ಕೂಡಿಸಿದ ಪೆಟ್ರೋಲ್) ಬರ್ತದ, 2004ರ ಗಾಡಿ ಅದಕ್ಕ ಮಾಡಿದ್ದಲ್ಲ, ಇಥನಾಲ್ ನೀರು ಹೀರ್ಕೋತದ, ಮಳಿಗಾಲದಾಗ ಟ್ಯಾಂಕಿನ ತಳದಾಗ ನೀರು ಕೂಡ್ತದ. ನಮ್ಮ ಕಾಕಾನ ಗಾಡಿಗಿ ಹಿಂಗೇ ಆಗಿತ್ತು, ಟ್ಯಾಂಕ್ ಇಳಿಸಿ ಸಾಫ್ ಮಾಡ್ಸಿದ ಮ್ಯಾಲ ಸರಿ ಆತು. ಟ್ಯಾಂಕ್ ತೆಗಿಸಿ ನೋಡು ಮೊದಲ, ಜತಿಗಿ ಪಂಪ್ ಜಾಳಗಿನೂ ನೋಡಿಸು.


ಕೋಟಿ_ಬೀದರ್
ಮಂಗಳವಾರ, ಮುಂಜಾನಿ 6:20

ಶರಣು. ನಾ ಬೀದರದಾಗ 19 ವರ್ಷ ಗ್ಯಾರೇಜ್ ನಡೆಸೀನಿ, ಈಗ ಕೈ ನಡುಗ್ತದ ಅಂತ ಮಗ ನೋಡ್ಕೋತಾನ. ನಿಮ್ಮ ಬರಹ ಓದಿ ಖುಷಿ ಆತು ಯಾಕಂದ್ರ ಉತ್ತರ ಅರ್ಧ ನೀವೇ ಬರ್ದೀರಿ. ಮೊದಲ ಮಾತು, ಇನ್ನ ಒಂದು ಸಾಮಾನೂ ಖರೀದಿ ಮಾಡಬ್ಯಾಡ್ರಿ, ಟ್ಯಾಂಕೂ ಇಳಿಸಬ್ಯಾಡ್ರಿ. ಯಾವಾಗ ಹೊಡಿತದ ಅನ್ನೋದು ಗೊತ್ತಿದ್ರ ಎಲ್ಲಿ ಹೊಡಿತದ ಅನ್ನೋದು ಹುಡುಕಬಹುದು.

ನೀವು ಮೂರು ಮಾತು ಹೇಳೀರಿ. ಏರಿನ್ಯಾಗ ಭಾರ ಬಿದ್ದಾಗ ಹೊಡಿತದ. ಹಸಿ ಹವಾದಾಗ ಹೊಡಿತದ. ಹೊಸ ಪ್ಲಗ್ ಹಾಕಿದ ಮ್ಯಾಲ 10-12 ದಿನ ಹೊಡಿಲಿಲ್ಲ. ಈ ಮೂರೂ ಒಂದೇ ಕಡಿ ಬೆರಳು ತೋರಿಸ್ತಾವ, ಕರೆಂಟ್ ಎಲ್ಲೋ ಸೋರಲಕತ್ತದ.

ಹ್ಯಾಂಗಂದ್ರ, ಪ್ಲಗ್ಗಿನ ಎರಡು ತುದಿ ನಡುವಿನ ಸಂದಿ ಸುಮಾರು 1 ಮಿಲಿಮೀಟರ್. ಆ ಸಂದಿ ಹಾರಲಾಕ ಕಿಡಿಗಿ ಸಾವಿರಗಟ್ಟಲೆ ವೋಲ್ಟ್ ಬೇಕು. ಎಷ್ಟು ಬೇಕು ಅನ್ನೋದು ಸಿಲಿಂಡರಿನ ಒಳಗಿನ ಒತ್ತಡದ ಮ್ಯಾಲ. ಐಡಲ್‌ನ್ಯಾಗ (ಎಕ್ಸಲರೇಟರ್ ಒತ್ತಲಾರದ ಎಂಜಿನ್ ಓಡುವಾಗ) ಥ್ರಾಟಲ್ ಅಂದ್ರ ಹವಾ ಬಿಡೋ ಬಾಗಿಲು ಮುಚ್ಚಿರ್ತದ, ಒಳಗ ಹವಾ ಕಡಿಮಿ, ಕಿಡಿ ಆರಾಮ ಹಾರ್ತದ. ಏರಿನ್ಯಾಗ 4ನೇ ಗೇರ್ ಹಾಕಿ ಒತ್ತಿದ್ರ ಸಿಲಿಂಡರ್ ತುಂಬ ಹವಾ, ಒತ್ತಡ ಭಾಳ, ಕಿಡಿ ಹಾರಲಾಕ ಎರಡು ಪಟ್ಟು ಹೆಚ್ಚು ವೋಲ್ಟ್ ಬೇಕಾಗ್ತದ. ಆವಾಗ ಕರೆಂಟ್ ಬ್ಯಾರೆ ಸರಳ ದಾರಿ ಹುಡುಕ್ತದ. ಹೊಲದ ಬದುವಿನ್ಯಾಗ ಇಲಿ ಬಿಲ ಇದ್ದಂಗ ನೋಡ್ರಿ, ನೀರು ಕಡಿಮಿ ಇದ್ದಾಗ ಬದು ತಡಿತದ, ನೀರು ತುಂಬಿ ಬಂದಾಗ ಎಲ್ಲಾ ಬಿಲದಾಗಿಂದಲೇ ಹೋಗ್ತದ. ವೈರಿನ ರಬ್ಬರ್ ಒಡದಿದ್ರ, ಪ್ಲಗ್ಗಿನ ಮ್ಯಾಲಿನ ಬೂಟ್ (ರಬ್ಬರ್ ಟೊಪ್ಪಿಗಿ) ಬಿರುಕು ಬಿಟ್ಟಿದ್ರ, ಕಾಯಿಲ್ (ಆ ವೋಲ್ಟ್ ಹುಟ್ಟಿಸೋ ಸುರುಳಿ) ಮೈ ಸೀಳಿದ್ರ ಅಲ್ಲಿಂದ ಹಾರಿ ಎಂಜಿನ್ನಿನ ಲೋಹಕ್ಕ ಬಡಿತದ. ಮಳಿ ಹಸಿ ಇದ್ರ ಆ ದಾರಿ ಇನ್ನಾ ಸಲೀಸು. ಹೊಸ ಪ್ಲಗ್ಗಿನ ತುದಿ ಚೂಪು ಇರ್ತಾವ, ಸಂದಿ ಸಣ್ಣ ಇರ್ತದ, ಕಡಿಮಿ ವೋಲ್ಟಿಗೇ ಕಿಡಿ ಹಾರ್ತದ, ಅದಕ್ಕೇ ನಿಮಗ 10-12 ದಿನ ಸುಖ ಸಿಕ್ತು. ರೋಗ ಹೋಗಿರಲಿಲ್ಲ, ಮುಚ್ಚಿಕೊಂಡಿತ್ತು.

ಗ್ಯಾರೇಜಿನ್ಯಾಗ ನಿಂತಲ್ಲೇ ರೇಸ್ ಕೊಟ್ರ ಎಂಜಿನ್ ಮ್ಯಾಲ ಭಾರ ಬೀಳಂಗಿಲ್ಲ, ಸದ್ದು ಅಷ್ಟೇ ಏರ್ತದ. ಅಲ್ಲಿ ಈ ರೋಗ ಹ್ಯಾಂಗ ಕಾಣಬೇಕು?

ಈಗ ನೋಡೋ ದಾರಿ. ನಿಮ್ಮ ಗಾಡಿಗಿ ಡಿಸ್ಟ್ರಿಬ್ಯೂಟರ್ (ಕಿಡಿ ಹಂಚೋ ಡಬ್ಬಿ) ಇಲ್ಲ, ಎರಡು ಕಾಯಿಲ್ ಅದಾವ, ಒಂದು 1 ಮತ್ತ 4ನೇ ಸಿಲಿಂಡರಿಗಿ, ಒಂದು 2 ಮತ್ತ 3ಕ್ಕ. ಜೋಡಿ ಪಿಸ್ಟನ್ ಎರಡೂ ಒಟ್ಟಿಗೇ ಮ್ಯಾಲ ಬರ್ತಾವ, ಕಿಡಿ ಎರಡಕ್ಕೂ ಒಮ್ಮೆಗೇ ಹೋಗ್ತದ, ಒಂದು ಕೆಲಸಕ್ಕ ಬರ್ತದ, ಇನ್ನೊಂದು ಹೊಗಿ ಹೊರಗ ಹೋಗೋ ಹೊತ್ತಿನ್ಯಾಗ ಸುಮ್ನ ಹಾರ್ತದ. ಅದರಿಂದ ಒಂದು ಅನುಕೂಲ ಅದ. ಜೋಡಿ ಎರಡೂ ಸತ್ತಿದ್ರ ಕಾಯಿಲ್ ಮ್ಯಾಲ ಇಲ್ಲಾ ಅದಕ್ಕ ಬರೋ ವೈರಿಂಗ್ ಮ್ಯಾಲ ಅನುಮಾನ. ಒಂದೇ ಸತ್ತಿದ್ರ ಆ ಸಿಲಿಂಡರಿನ ಬೂಟ್, ವೈರ್, ಪ್ಲಗ್, ಇಂಜೆಕ್ಟರ್, ವಾಲ್ವ್, ಇಷ್ಟರೊಳಗೇ ಇರ್ತದ.

ಮಳಿ ಬಂದ ಮುಂಜಾನಿ ನಡುಗೋ ಹೊತ್ತಿಗಿ ಬಾನೆಟ್ ತೆಗೀರಿ, ಇಂಜೆಕ್ಟರಿನ ಕನೆಕ್ಟರ್ ಒಂದೊಂದೇ ಬಿಚ್ಚಿ ಮತ್ತ ಹಾಕ್ರಿ. ಬಿಚ್ಚಿದಾಗ ಎಂಜಿನ್ ಇನ್ನಾ ಕುಂಟಿತು ಅಂದ್ರ ಆ ಸಿಲಿಂಡರ್ ಜೀವಂತ ಅದ. ಬಿಚ್ಚಿದ್ರೂ ಏನೂ ಫರಕ ಬೀಳಲಿಲ್ಲ ಅಂದ್ರ ಅದೇ ಸತ್ತಿದ್ದು. ಪ್ಲಗ್ ವೈರ್ ಮಾತ್ರ ಚಾಲೂ ಇದ್ದಾಗ ಕೈಲೆ ಜಗ್ಗಬ್ಯಾಡ್ರಿ, ಹಳೆ ಮಂದಿ ಹಂಗ ಮಾಡ್ತಾರ, ನಾನೂ ಮಾಡೀನಿ, ಅದು ಕೈಗೂ ಕೆಟ್ಟದ್ದು ಕಾಯಿಲ್‌ಗೂ ಕೆಟ್ಟದ್ದು.

ಇನ್ನೊಂದು ರಾತ್ರಿ ಮಾಡೋದು. ಪೂರಾ ಕತ್ತಲಿ ಜಾಗದಾಗ ಗಾಡಿ ನಿಲ್ಲಿಸಿ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಾಲೂ ಮಾಡಿ ಬಾನೆಟ್ ತೆಗೆದು ಲೈಟ್ ಎಲ್ಲಾ ಬಂದ್ ಮಾಡಿ ಕಣ್ಣು ಕತ್ತಲಿಗಿ ಹೊಂದೋ ತನಕ ನಿಲ್ರಿ. ಇಸ್ತ್ರಿ ಮಾಡುವಾಗ ಬಟ್ಟಿಗಿ ನೀರು ಹೊಡಿತಾರಲ್ಲ ಆ ಬಾಟಲಿಲೆ ಮಂಜಿನಂಗ ಸ್ವಲ್ಪೇ ನೀರು ವೈರು, ಬೂಟು, ಕಾಯಿಲ್ ಮ್ಯಾಲ ಹೊಡೀರಿ. ಸೋರ್ತಿದ್ರ ನೀಲಿ ಕಿಡಿ ಕಾಣ್ತದ, ಟಿಕ್ ಟಿಕ್ ಸಪ್ಪಳ ಕೇಳ್ತದ. ಪೆಟ್ರೋಲ್ ವಾಸನಿ ಬರ್ತಿದ್ರ ಈ ಪರೀಕ್ಷಿ ಮಾಡಲೇಬ್ಯಾಡ್ರಿ, ಕಾರ್ಬ್ ಕ್ಲೀನರ್ ಸ್ಪ್ರೇ ಅಂತೂ ಹತ್ರ ತರಬ್ಯಾಡ್ರಿ, ಬೆಂಕಿ ಹತ್ತಿಕೊಳ್ತದ. ಬೆಲ್ಟ್, ಫ್ಯಾನ್ ಕಡಿ ಟವಲ್, ಅಂಗಿ ತೋಳು ಜ್ವಾಕಿ.

ಮಾಡಿ ಬರೀರಿ.


ಗುಲ್ಬರ್ಗಾ_ಎಸ್ಟೀಮ್
ಮಂಗಳವಾರ, ಮಧ್ಯಾಹ್ನ 1:05

ಕೋಟಿ ಬೀದರ್ ಅವ್ರೇ ಭಾಳ ಉಪಕಾರ ಆತು. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಚೆಕ್ ಎಂಜಿನ್ ಲೈಟ್ ಒಮ್ಮೆನೂ ಹತ್ತಿಲ್ಲ, ಅದಕ್ಕೇ ಆನ್‌ಲೈನಿನ್ಯಾಗ ಬ್ಲೂಟೂತ್ ಸ್ಕ್ಯಾನರ್ ತರಿಸ್ಲಿ ಏನು ಅಂತ ವಿಚಾರ ಮಾಡ್ಲಕತ್ತಿದ್ದೆ. ತಗೊಂಡ್ರ ಉಪಯೋಗ ಆಗ್ತದ? ಇವತ್ತು ಇಲ್ಲಿ ಬಿಸಲು ಅದ, ರಾತ್ರಿ ಕತ್ತಲಿ ಪರೀಕ್ಷಿ ಮಾಡ್ತೀನಿ. ನಮ್ಮ ಓಣ್ಯಾಗ ಬೀದಿ ದೀಪ ಭಾಳ, ರಿಂಗ್ ರೋಡ್ ಕಡಿ ಗೆಳೆಯನ ಶೆಡ್ ಅದ, ಶಟರ್ ಅರ್ಧ ಇಳಿಸಿದ್ರ ಪೂರಾ ಕತ್ತಲಿ.


ಶಹಾಪುರ_33
ಮಂಗಳವಾರ, ಮಧ್ಯಾಹ್ನ 3:30

ಬೀದರ್ ಅಣ್ಣಾವ್ರು ಹೇಳಿದ್ದು ಖರೇ ಅದ, ಆದ್ರ ಒಂದು ಮಾತು ನಾನೂ ಸೇರಿಸ್ತೀನಿ, ಯಾಕಂದ್ರ ನಾ ಒಂದು ವರ್ಷ ಅನುಭವಿಸೀನಿ. ನಂದು ಬ್ಯಾರೆ ಗಾಡಿ, 2007ರದ್ದು, ಸುಗ್ಗಿ ಹೊತ್ತಿನ್ಯಾಗ ತೊಗರಿ ಚೀಲ ಇಟ್ಟ ಶೆಡ್ಡಿನ್ಯಾಗೇ ಗಾಡಿ ನಿಲ್ಲಿಸ್ತಿದ್ದೆ. ಕುಣಿ ರಸ್ತಿ ಬಂದಾಗ ಒಂದು ಸಿಲಿಂಡರ್ ಹೋಗ್ತಿತ್ತು, ಸಪಾಟ ರಸ್ತಿಗಿ ಬಂದ್ರ ಬರ್ತಿತ್ತು. ನಿಮ್ಮದರಂಗ ಭಾರಕ್ಕಲ್ಲ, ಅಲ್ಲಾಡೋದಕ್ಕ. ಪ್ಲಗ್, ಕಾಯಿಲ್, ಕೊನಿಗಿ ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್) ಬದಲಿಸಬೇಕು ಅಂದ್ರು ಒಂದು ಗ್ಯಾರೇಜಿನವರು, ಹೆಸರು ಹೇಳಂಗಿಲ್ಲ, ನಾ ಹೂಂ ಅಂದಿದ್ರ ಗಾಡಿ ಕಿಮ್ಮತ್ತಿನ ಅರ್ಧ ಹೋಗ್ತಿತ್ತು.

ಸಿಕ್ಕಿದ್ದು ಏನು ಗೊತ್ತಾ, 2ನೇ ಇಂಜೆಕ್ಟರಿಗಿ ಹೋಗೋ ವೈರ್ ಇಲಿ ಕಡದಿತ್ತು, ಪೂರಾ ತುಂಡಾಗಿರಲಿಲ್ಲ, ಒಳಗಿನ ತಾಮ್ರದ ಎಳಿ ಎರಡೋ ಮೂರೋ ಉಳಿದಿದ್ದು, ಮ್ಯಾಲ ಟೇಪಿನ ಕೊಳವಿ ಹಂಗೇ ಇತ್ತು, ಹೊರಗಿಂದ ನೋಡಿದ್ರ ಏನೂ ಕಾಣ್ತಿರಲಿಲ್ಲ. ಶಹಾಪುರದ ಒಬ್ಬ ವೈರಿಂಗ್ ಮಾಡೋ ಹಿರಿಯರು ಎಂಜಿನ್ ಚಾಲೂ ಇಟ್ಟು ವೈರಿನ ಗೊಂಚಲು ಒಂದು ಗೇಣು ಒಂದು ಗೇಣು ಹಿಡಿದು ಅಲ್ಲಾಡಿಸ್ಕೋತ ಬಂದ್ರು, ಒಂದು ಕಡಿ ಮುಟ್ಟಿದ ಕೂಡ್ಲೇ ಎಂಜಿನ್ ಕುಂಟಿತು. ಅಲ್ಲೇ ಬಿಚ್ಚಿದ್ರು, ಅಲ್ಲೇ ಬೆಸಗಿ ಹಾಕಿದ್ರು. ಇನ್ನಾ ಓಡಲಕತ್ತದ.

ಅದಕ್ಕೇ ಹೇಳೋದು, ಕತ್ತಲ್ಯಾಗ ಕಿಡಿ ಕಾಣಲಿಲ್ಲ ಅಂದ್ರ ವೈರ್ ಗೊಂಚಲು ಕೈಲೆ ಅಲ್ಲಾಡಿಸಿ ನೋಡ್ರಿ. ಪ್ಲಗ್ ವೈರ್ ಅಲ್ಲ, ಸಣ್ಣ ವೈರಿಂಗ್. ಬ್ಯಾಟರಿಯಿಂದ ಎಂಜಿನ್ನಿಗಿ ಬರೋ ಅರ್ಥ್ ವೈರಿನ ಬೋಲ್ಟೂ ನೋಡ್ರಿ, ಅಲ್ಲಿ ಹಸರು ಜಂಗು ಹಿಡಿತದ.


ಸೇಡಂ_ರೋಡ್
ಮಂಗಳವಾರ, ಸಂಜಿ 6:50

ನಂದು ಎಲ್‌ಪಿಜಿ ಕಿಟ್ ಇದ್ದ ಹಳೆ ವ್ಯಾನ್. ಕೇಳಿದವರಿಗಿ ಗ್ಯಾಸ್ ಇಲ್ಲ, ಆದ್ರೂ ಓದೋ ಬ್ಯಾರೆ ಮಂದಿಗಿ ಬರಿತೀನಿ. ಗ್ಯಾಸಿನ್ಯಾಗ ಮಿಸ್ಸಿಂಗ್ ಹೊಡದು ಪೆಟ್ರೋಲಿಗಿ ಹಾಕಿದ್ರ ಸುಮ್ನಾಗ್ತದ ಅಂದ್ರ ಕಿಟ್ ಕೆಟ್ಟದ ಅಂತ ತಿಳಿಬ್ಯಾಡ್ರಿ. ಗ್ಯಾಸಿಗಿ ಕಿಡಿ ಜೋರು ಬೇಕು, ಹಂಗಾಗಿ ವೈರ್, ಪ್ಲಗ್ ಸೋತದ್ದು ಮೊದಲ ಗ್ಯಾಸಿನ್ಯಾಗೇ ತಿಳಿತದ. ನಾ ಎರಡು ಸಲ ರೆಗ್ಯುಲೇಟರ್ ರಿಪೇರಿ ಮಾಡ್ಸಿ ಆಮ್ಯಾಲ ವೈರ್ ಸೆಟ್ ಹಾಕಿದ್ದು, ವೈರ್ ಹಾಕಿದ ದಿನಾನೇ ಸರಿ ಆತು.


ಕೋಟಿ_ಬೀದರ್
ಮಂಗಳವಾರ, ರಾತ್ರಿ 8:10

ಸ್ಕ್ಯಾನರ್ ತರಿಸಬ್ಯಾಡ್ರಿ. ನಮ್ಮ ದೇಶದಾಗ ಹೊಸ ಕಾರಿಗಿ ಓಬಿಡಿ (ಗಾಡಿ ತನ್ನ ದೋಷ ತಾನೇ ಗುರ್ತು ಹಿಡಿಯೋ ವ್ಯವಸ್ಥಾ) ಕಡ್ಡಾಯ ಆಗಿದ್ದು 2010ರ ಏಪ್ರಿಲ್‌ನಿಂದ, ಅದರ ಎರಡನೇ ಹಂತ 2013ರ ಏಪ್ರಿಲ್‌ನಿಂದ. ಆಮ್ಯಾಲಿನ ಗಾಡಿಯಾಗ ಪಿ0301, ಪಿ0302 ಅಂತ ಯಾವ ಸಿಲಿಂಡರ್ ಸತ್ತದ ಅನ್ನೋದೇ ಕೋಡ್ ಬರ್ತದ. 2004ರ ಗಾಡಿಗಿ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹೆಚ್ಚಿನ ಸಲ ಕೂಡಂಗೇ ಇಲ್ಲ. ಇಲ್ಲಿ ಕಣ್ಣು, ಕಿವಿ, ಮೂಗೇ ಸ್ಕ್ಯಾನರ್.

ಬ್ರಹ್ಮಪುರದ ತಮ್ಮಗ ಒಂದು ಮಾತು. ಇ20 ಹಳೆ ಗಾಡಿಯ ರಬ್ಬರ್ ಪೈಪ್, ಸೀಲ್‌ಗೆ ಒಳ್ಳೇದಲ್ಲ ಅನ್ನೋದು ಖರೇ, ಎಸ್ಟೀಮಿನವರು ಪೆಟ್ರೋಲ್ ಪೈಪ್ ಒಮ್ಮೆ ಮುಟ್ಟಿ ನೋಡಬೇಕು, ಮೆತ್ತಗಾಗಿದ್ರ ಇಲ್ಲಾ ಬಿರುಕು ಬಿಟ್ಟಿದ್ರ ಬದಲಿಸಬೇಕು. ಆದ್ರ ಪೆಟ್ರೋಲಿನ್ಯಾಗೇ ದೋಷ ಇದ್ರ ನಾಕೂ ಸಿಲಿಂಡರಿಗಿ ಸಮನಾಗಿ ಹೋಗ್ತದ, ಗಾಡಿ ಪೂರಾ ಸೊರಗ್ತದ, ಪಿಕಪ್ ಬಿದ್ದು ಹೋಗ್ತದ. ಪಂಪ್ ಸೋತಿದ್ರೂ ಹಂಗೇ, ಉದ್ದಾ ಏರಿನ್ಯಾಗ ನಿಧಾನಕ್ಕ ಉಸಿರು ಕಟ್ಟಿದಂಗ ಆಗ್ತದ. ಇವರಿಗಿ ಆಗಲಕತ್ತಿದ್ದು ಧಡ್ ಧಡ್ ಅಂತ ಚುರುಕು ಝಟ್ಕಾ, ಕಾಲು ತೆಗೆದ ಕ್ಷಣಕ್ಕ ಮಾಯ. ಪೆಟ್ರೋಲ್ ಅಷ್ಟು ಬೇಗ ಬಂದು ಹೋಗಂಗಿಲ್ಲ, ಕರೆಂಟ್ ಬಂದು ಹೋಗ್ತದ. ಇನ್ನ ಟ್ಯಾಂಕಿನ ನೀರಿಗೂ ಹೊಸ ಪ್ಲಗ್ಗಿಗೂ ಏನು ಸಂಬಂಧ? ಪ್ಲಗ್ ಹಾಕಿದ್ರ 10 ದಿನ ಸರಿ ಇರ್ತಿರಲಿಲ್ಲ.

ಶಹಾಪುರದವರ ಮಾತು ನೂರಕ್ಕ ನೂರು. ಅಲ್ಲಾಡಿದಾಗ ಹೊಡದ್ರ ವೈರಿಂಗ್, ಭಾರಕ್ಕ ಹೊಡದ್ರ ಕಿಡಿ. ಐಡಲ್‌ನ್ಯಾಗ ಹೊಡದು ರೇಸ್ ಕೊಟ್ರ ಹೋಗ್ತದ ಅಂದ್ರ ವ್ಯಾಕ್ಯೂಮ್ ಪೈಪ್ ಒಡದು ಹವಾ ಎಳಿಲಕತ್ತದ ಇಲ್ಲಾ ವಾಲ್ವ್ ಸರಿಯಾಗಿ ಕೂಡವಲ್ದು, ಅದಕ್ಕ ಕಂಪ್ರೆಶನ್ (ಸಿಲಿಂಡರಿನ ಒತ್ತಡ) ನೋಡಬೇಕು. ನಿಮಗ ಅದು ಬ್ಯಾಡ ಈಗ.

ಒಂದು ಎಚ್ಚರ. ಮಿಸ್ಸಿಂಗ್ ಹೊಡಿಯೋ ಗಾಡಿ ಒತ್ತಿ ಒತ್ತಿ ಓಡಿಸಬ್ಯಾಡ್ರಿ. ಸುಡಲಾರದ ಪೆಟ್ರೋಲ್ ಸೈಲೆನ್ಸರ್ ಕಡಿ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನ್ಯಾಗ (ಹೊಗಿ ಶುದ್ಧ ಮಾಡೋ ಡಬ್ಬಿ) ಸುಡ್ತದ, ಅದು ಕೆಂಪಾಗಿ ಒಳಗಿಂದ ಕರಗಿ ಮುಚ್ಚಿಕೊಂಡ್ರ 2 ಸಾವಿರದ ಕೆಲಸ 20 ಸಾವಿರಕ್ಕ ಹೋಗ್ತದ.


ಗುಲ್ಬರ್ಗಾ_ಎಸ್ಟೀಮ್
ಬುಧವಾರ, ರಾತ್ರಿ 11:55

ಕಂಡೆ. ಕಣ್ಣಾರೆ ಕಂಡೆ.

ಗೆಳೆಯನ ಶೆಡ್ಡಿಗಿ 9 ಗಂಟೆಕ್ಕ ಹೋದಿವಿ, ಅಪ್ಪನೂ ಬಂದಿದ್ರು, ನಾ ಬ್ಯಾಡ ಅಂದ್ರೂ ಬಂದ್ರು. ಲೈಟ್ ಬಂದ್ ಮಾಡಿ 5 ನಿಮಿಷ ನಿಂತಿವಿ, ಏನೂ ಇಲ್ಲ, ಎಂಜಿನ್ ಗಡಿಯಾರದಂಗ ಓಡಲಕತ್ತಿತ್ತು. ಬಾಟಲಿಲೆ ಮೊದಲ ವೈರ್ ಮ್ಯಾಲ ನೀರು ಹೊಡದೆ, ಏನೂ ಇಲ್ಲ. ಕಾಯಿಲ್ ಮ್ಯಾಲ, ಏನೂ ಇಲ್ಲ. 3ನೇ ಪ್ಲಗ್ಗಿನ ಬೂಟ್ ಕುಣಿಯೊಳಗ ಇಳಿತದಲ್ಲ, ಆ ಅಂಚಿಗಿ ಹೊಡದ ಕೂಡ್ಲೇ ಎಂಜಿನ್ ನಡುಗ್ತು, ಕುಣಿ ಬಾಯಿಯಾಗ ಸೂಜಿ ದಪ್ಪದ ನೀಲಿ ಗೆರಿ, ಬೂಟಿನಿಂದ ಕವರಿನ ಅಂಚಿಗಿ, ಚಟ್ ಚಟ್ ಚಟ್ ಅಂತ. "ಅಲ್ಲಿ ನೋಡು ಅಲ್ಲಿ ನೋಡು" ಅಂತ ಅಪ್ಪನೇ ಮೊದಲ ಒದರಿದ್ರು. ಎರಡು ತಿಂಗಳು ಸಿಗಲಾರದ್ದು ಹತ್ತು ನಿಮಿಷದಾಗ ಸಿಕ್ತು.

ಎಂಜಿನ್ ಬಂದ್ ಮಾಡಿ, ಆರೋ ತನಕ ಬಿಟ್ಟು, ಬೂಟ್ ಹಿಡಿದು ತಿರುವಿ ಎಬ್ಬಿಸಿದೆ. ಕೈಗಿ ಎಣ್ಣಿ ಹತ್ತಿತು. ಟಾರ್ಚ್ ಹಾಕಿ ನೋಡಿದ್ರ 3ನೇ ಕುಣಿಯ ತಳದಾಗ ಎಂಜಿನ್ ಆಯಿಲ್ ನಿಂತದ, ಬೆರಳಿನ ಒಂದು ಗೆಣ್ಣು ಆಗೋಷ್ಟು. ಬೂಟಿನ ರಬ್ಬರ್ ಉಬ್ಬಿ ಮೆತ್ತಗಾಗ್ಯಾದ, ಬಾಜೂಕ ಉದ್ದಕ್ಕ ಕೂದಲಿನಂಥ ಬಿರುಕು, ಬಿರುಕಿನ ಗುಂಟ ಬೂದಿ ಬಣ್ಣದ ಗೆರಿ. 2ನೇ ಕುಣಿಯಾಗ ಬರೇ ಎಣ್ಣಿ ಪಸಿ, 1 ಮತ್ತ 4 ಒಣ ಅದಾವ.

ಪ್ಲಗ್ ಇನ್ನಾ ತೆಗ್ದಿಲ್ಲ, ಎಣ್ಣಿ ಸಿಲಿಂಡರಿನೊಳಗ ಬಿದ್ದೀತು ಅಂತ ಅಂಜಿಕಿ ಆತು. ಮುಂದ ಏನ್ ಮಾಡ್ಲಿ ಹೇಳ್ರಿ. ಬೂಟ್ ಅಷ್ಟೇ ಬದಲಿಸಿದ್ರ ಸಾಕಾ?


ಕೋಟಿ_ಬೀದರ್
ಗುರುವಾರ, ಮುಂಜಾನಿ 5:45

ಶಹಬ್ಬಾಸ್! ಅಪ್ಪಾರಿಗಿ ನನ್ನ ಶರಣು ಹೇಳ್ರಿ.

ಪ್ಲಗ್ ತೆಗಿಲಿಲ್ಲ ಭಾಳ ಚೊಲೋ ಮಾಡಿದ್ರಿ. ಮೊದಲ ಹಳೆ ಬನಿಯನ್ ಅರಿವಿ ಕಡ್ಡಿಗಿ ಸುತ್ತಿ ಕುಣಿಯಾಗಿನ ಎಣ್ಣಿ ಪೂರಾ ಹೀರ್ಸಿ ತೆಗೀರಿ, ಆಮ್ಯಾಲ ಪಂಕ್ಚರ್ ಅಂಗಡಿ ಹವಾ ಹೊಡಿಸಿ ಮಣ್ಣು ಕಸ ಹೊರಗ ಹಾಕ್ರಿ, ಆಮ್ಯಾಲೇ ಪ್ಲಗ್. ಎಂಜಿನ್ ತಣ್ಣಗಿರಬೇಕು, ಹೆಡ್ ಅಲ್ಯೂಮಿನಿಯಂದು, ಬಿಸಿ ಇದ್ದಾಗ ತಿರುವಿದ್ರ ಆಟಿ ಕಿತ್ತು ಬರ್ತಾವ.

ಪ್ಲಗ್ ಹೊರಗ ಬಂದ ಮ್ಯಾಲ ಬಿಳಿ ಪಿಂಗಾಣಿ ಭಾಗ ಬಿಸಲಿಗಿ ಹಿಡಿದು ನೋಡ್ರಿ. ಪೆನ್ಸಿಲಿಲೆ ಎಳದಂಥ ಕರಿ ಗೆರಿ ಮ್ಯಾಲಿಂದ ಕೆಳಗ ಕಾಣ್ತದ ಅಂತ ನನ್ನ ಅಂದಾಜು. ಕರೆಂಟ್ ಹಾದು ಹೋದ ದಾರಿ ಅದು, ಸುಟ್ಟ ಇಂಗಾಲ. ಆ ಗೆರಿ ಒರಿಸಿದ್ರ ಹೋಗಂಗಿಲ್ಲ. ಹಂಗಾಗಿ ಬೂಟ್ ಅಷ್ಟೇ ಬದಲಿಸಿ ಅದೇ ಪ್ಲಗ್ ಹಾಕಿದ್ರ ಕರೆಂಟ್ ಹಳೆ ದಾರಿ ಹಿಡಿದು ಹೊಸ ಬೂಟನ್ನೂ ಸುಡ್ತದ. ನಿಮ್ಮ ಹೊಸ ಪ್ಲಗ್ 10-12 ದಿನಕ್ಕ ಸೋತಿದ್ದು ಇದರ ಉಲ್ಟಾ, ಹಳೆ ಸೀಳಿದ ಬೂಟ್ ಹೊಸ ಪ್ಲಗ್ಗಿನ ಮ್ಯಾಲ ಗೆರಿ ಹಾಕ್ತು. ಅದಕ್ಕ ಬೂಟ್ ಮತ್ತ ಪ್ಲಗ್ ಜೋಡಿಲೇ ಬದಲಿಸಬೇಕು. ವೈರ್ 20 ವರ್ಷದ್ದು ಇದ್ರ ಸೆಟ್ಟೇ ಹಾಕ್ಸಿ ಬಿಡ್ರಿ.

ಎಣ್ಣಿ ಎಲ್ಲಿಂದ ಬಂತು? ಟ್ಯಾಪೆಟ್ ಕವರಿನ್ಯಾಗ (ಎಂಜಿನ್ನಿನ ಮ್ಯಾಲಿನ ಮುಚ್ಚಳ) ಪ್ರತಿ ಪ್ಲಗ್ ಕುಣಿಗಿ ಒಂದು ರಬ್ಬರ್ ಬಳಿ ಇರ್ತದ, ನಮ್ಮ ಕಡಿ ಬ್ಯಾಸಗಿ 42-43 ಡಿಗ್ರಿ, ಬಾನೆಟ್ ಒಳಗಿನ ಕಾವು ಬ್ಯಾರೆ, ವರ್ಷಾನುಗಟ್ಟಲೆ ಬೆಂದು ಬೆಂದು ಆ ಬಳಿ ಪ್ಲಾಸ್ಟಿಕಿನಂಗ ಗಟ್ಟಿ ಆಗ್ತದ. ಕವರ್ ಗ್ಯಾಸ್ಕೆಟ್ ಜತಿಗಿ ನಾಕೂ ಬಳಿ ಹೊಸಾವು ಹಾಕ್ಸ್ರಿ. ಕವರ್ ಬೋಲ್ಟ್ ಅತೀ ಬಿಗಿ ಮಾಡಬಾರದು, ಗ್ಯಾಸ್ಕೆಟ್ ಹೊರಗ ಉಬ್ಬಿ ಮತ್ತ ಸೋರ್ತದ. ಪ್ಲಗ್ ಮೊದಲ ಬರೇ ಕೈಲೆ ಕೊನಿ ತನಕ ತಿರುವಿ ಆಮ್ಯಾಲ ಪಾನಾ ಹಚ್ರಿ, ಟಾರ್ಕ್ ಪಾನಾ ಇದ್ರ 25 ನ್ಯೂಟನ್ ಮೀಟರ್ ಆಸುಪಾಸು. ಹೊಸ ಬೂಟಿನೊಳಗ ಸಿಲಿಕಾನ್ ಗ್ರೀಸ್ ಕಡ್ಲಿ ಕಾಳಿನಷ್ಟು ಸವರಿದ್ರ ಮುಂದ ಅಂಟಂಗಿಲ್ಲ, ಹಸಿನೂ ಒಳಗ ಹೋಗಂಗಿಲ್ಲ.

ಇನ್ನ ಮಿಸ್ತ್ರಿಗೋಳು ಹೆಚ್ಚಿನವರು ಬಿಡೋದು ಒಂದದ, ಪಿಸಿವಿ ವಾಲ್ವ್. ಎಂಜಿನ್ನಿನ ಕೆಳಗಿನ ಹೊಗಿ ಅದರ ಮೂಲಕ ಮತ್ತ ಮ್ಯಾನಿಫೋಲ್ಡಿಗಿ (ಎಂಜಿನ್ನಿಗಿ ಹವಾ ಒಯ್ಯೋ ಕೊಳವಿ) ಹೋಗ್ತದ. ಅದು ಮುಚ್ಚಿಕೊಂಡ್ರ ಒಳಗ ಒತ್ತಡ ಕೂಡಿ ಎಣ್ಣಿ ಸಿಕ್ಕ ಸಂದಿಯಾಗಿಂದ ಹೊರಗ ನೂಕ್ತದ, ಹೊಸ ಸೀಲ್ ಹಾಕಿದ್ರೂ ವರ್ಷದಾಗ ಮತ್ತ ಎಣ್ಣಿ. ತೆಗೆದು ಕಿವಿ ಹತ್ರ ಅಲ್ಲಾಡಿಸ್ರಿ, ಟಿಕ್ ಟಿಕ್ ಅನ್ನಬೇಕು. ಮೂಕ ಇದ್ರ ಬದಲಿಸ್ರಿ.


ಗುಲ್ಬರ್ಗಾ_ಎಸ್ಟೀಮ್
ಮುಂದಿನ ಭಾನುವಾರ, ರಾತ್ರಿ 8:30

ಶುಕ್ರವಾರ ಕೆಲಸ ಮುಗೀತು. ಅದೇ ಮಿಸ್ತ್ರಿ ಹತ್ರನೇ ಹೋದೆ, ಫೋನಿನ್ಯಾಗ ತೆಗೆದ ವಿಡಿಯೋ ತೋರಿಸಿದೆ, ಅವರೂ ಮನಸ್ಸಿಟ್ಟು ನೋಡಿ ಕೈ ತೊಳ್ಕೊಂಡು ಬಂದು ಕವರ್ ತಾವೇ ಬಿಚ್ಚಿದ್ರು. 3ನೇ ಪ್ಲಗ್ ಮ್ಯಾಲ ಗೆರಿ ಇತ್ತು, ನೀವು ಹೇಳಿದಂಗೇ ಪೆನ್ಸಿಲಿಲೆ ಎಳದಂಗ, ಉಗುರಿಲೆ ಕೆರದ್ರೂ ಹೋಗಲಿಲ್ಲ. ಹಳೆ ಬಳಿ ಬೆರಳಿಲೆ ಬಗ್ಗಿಸಿದೆ, ಹಪ್ಪಳ ಮುರದಂಗ ಮುರೀತು. ಪಿಸಿವಿ ವಾಲ್ವ್ ಕಿವಿ ಹತ್ರ ಅಲ್ಲಾಡಿಸಿದ್ರ ಸಪ್ಪಳೇ ಇಲ್ಲ, ಒಳಗ ಕರಿ ಅಂಟು ಗಟ್ಟಿ ಆಗಿ ಕೂತಿತ್ತು. ಗ್ಯಾಸ್ಕೆಟ್, ಬಳಿ, ವೈರ್ ಸೆಟ್, 2 ಮತ್ತ 3ಕ್ಕ ಪ್ಲಗ್, ಪಿಸಿವಿ, ಕೂಲಿ ಎಲ್ಲಾ ಸೇರಿ 3,400 ಆತು. ಪೆಟ್ರೋಲ್ ಪೈಪೂ ಮುಟ್ಟಿ ನೋಡ್ಸಿದೆ, ಒಂದು ಕಡಿ ಸಣ್ಣ ಬಿರುಕು ಇತ್ತು, ಬದಲಿ ಮಾಡ್ಸಿದೆ. ಬ್ರಹ್ಮಪುರದ ತಮ್ಮ, ಅದು ನಿನ್ನ ಮಾತಿನಿಂದ ಸಿಕ್ಕಿದ್ದು.

ಶನಿವಾರ ರಾತ್ರಿ ಭಾರಿ ಮಳಿ ಬಂತು. ಇವತ್ತು ಮುಂಜಾನಿ 6ಕ್ಕ ಚಾಲೂ ಮಾಡಿದೆ, ಒಂದೇ ಸೆಲ್ಫ್, ನಡುಕ ಇಲ್ಲ. ಅಪ್ಪನ ಕೈಯಾಗೇ ಸ್ಟೇರಿಂಗ್ ಕೊಟ್ಟೆ. ಕಮಲಾಪುರದ ಏರಿನ್ಯಾಗ ಮುಂದ ಕಬ್ಬಿನ ಟ್ರ್ಯಾಕ್ಟರ್ ಇತ್ತು, ಅಪ್ಪ 4ನೇ ಗೇರಿನ್ಯಾಗೇ ಒತ್ತಿದ್ರು, ನಾ ಉಸಿರು ಹಿಡಿದು ಕೂತಿದ್ದೆ, ಗಾಡಿ ಹಂಗೇ ಎದಿ ಸೆಟೆಸಿ ಏರ್ತು. ಹುಮನಾಬಾದ್ ದಾಟಿ ಚಾ ಕುಡಿಲಾಕ ನಿಲ್ಲೋ ತನಕ ಅಪ್ಪ ಸ್ಟೇರಿಂಗ್ ಬಿಡಲಿಲ್ಲ.

ಕೋಟಿ ಬೀದರ್ ಅವ್ರೇ, ಹಳೆ ವೈರಿನ್ಯಾಗ 1 ಮತ್ತ 4ನೇದು ಚೊಲೋ ಕಾಣ್ತಾವ, ಡಿಕ್ಕಿಯಾಗ ಇಟ್ಕೊಳ್ಲಾ ಇಲ್ಲಾ ಒಗೀಲಾ?


ಕೋಟಿ_ಬೀದರ್
ಭಾನುವಾರ, ರಾತ್ರಿ 9:05

ಇಟ್ಕೋರಿ, ಹಾದ್ಯಾಗ ಎಂದಾದ್ರೂ ಉಪಯೋಗಕ್ಕ ಬರ್ತಾವ. ಬಿಗಿ ಮಡಚಬ್ಯಾಡ್ರಿ, ಒಳಗ ಮುರಿತಾವ, ದೊಡ್ಡ ಸುರುಳಿ ಸುತ್ತಿ ಪ್ಲಾಸ್ಟಿಕ್ ಚೀಲದಾಗ ಹಾಕ್ರಿ. ಸಾವಿರ ಕಿಲೋಮೀಟರ್ ಆದ ಮ್ಯಾಲ 3ನೇ ಬೂಟ್ ಒಮ್ಮೆ ಎತ್ತಿ ಟಾರ್ಚ್ ಹಾಕಿ ನೋಡ್ರಿ, ಕುಣಿ ಒಣ ಇರಬೇಕು. ಮುಂದಿನ ಸಲ ಬೀದರಕ್ಕ ಬಂದಾಗ ಅಪ್ಪಾರನ್ನ ಕರ್ಕೊಂಡು ಮನಿಗಿ ಬರ್ರಿ, ಆ ಗಾಡಿ ಸಪ್ಪಳ ನಾನೂ ಒಮ್ಮೆ ಕೇಳಬೇಕು.